ಸ್ಲೈಡಿಂಗ್ ಮೈಟರ್ ಸಾ ಕೊಳ್ಳುವ ಮೊದಲು ಹಲಗೆ ಅಳೆಯಿರಿ, ಗೋಡೆಯನ್ನೂ ಅಳೆಯಿರಿ

ನಾನು ಮೊದಲ ಸಲ ಸ್ಲೈಡಿಂಗ್ ಮೈಟರ್ ಸಾ ಕೊಂಡಾಗ ಅಂಗಡಿಯಲ್ಲಿದ್ದ ಅತಿ ದೊಡ್ಡದನ್ನೇ ಹೊತ್ತುಕೊಂಡು ಬಂದೆ. 12 ಇಂಚಿನ ಬ್ಲೇಡು, ತೂಕ ಹತ್ತಿರ ಹತ್ತಿರ 30 ಕೆಜಿ. ಮೋಟಾರು, ಬ್ಲೇಡು ಇರುವ ತಲೆ ಕಂಬಿಗಳ ಮೇಲೆ ಮುಂದೆ ಹಿಂದೆ ಜಾರುವ ಮರ ಕೊಯ್ಯುವ ಗರಗಸ ಇದು, ಆ ಜಾರಾಟವೇ ಸ್ಲೈಡ್. ಮೇಜಿನ ಮೇಲಿಟ್ಟು ತಲೆಯನ್ನು ಹಿಂದಕ್ಕೆ ತಳ್ಳಿದೆ. ಕಂಬಿಗಳು ಹೋಗಿ ಗೋಡೆಗೆ ಬಡಿದವು. ಮೇಜನ್ನು ಒಂದು ಅಡಿ ಮುಂದಕ್ಕೆ ಎಳೆದ ಮೇಲೆ ನನಗೆ ನಿಲ್ಲುವುದಕ್ಕೇ ಜಾಗ ಉಳಿಯಲಿಲ್ಲ. ಒಂದು ವರ್ಷ ಕಳೆದ ಮೇಲೆ ಅದರಲ್ಲಿ ಏನೇನು ಕೊಯ್ದೆ ಅಂತ ಲೆಕ್ಕ ಹಾಕಿದರೆ, ಮುಕ್ಕಾಲು ಪಾಲು ನಾಲ್ಕು ಇಂಚು ಅಗಲದ ಪಟ್ಟಿಗಳು. ಅವಕ್ಕೆ ಸ್ಲೈಡೇ ಬೇಕಿರಲಿಲ್ಲ.

ಯಂತ್ರದ ತಪ್ಪೇನೂ ಇರಲಿಲ್ಲ. ನಾನು ಕೊಂಡ ರೀತಿ ತಪ್ಪು. ಸ್ಲೈಡ್ ನಮಗೆ ಅಗಲ ಕೊಡುತ್ತದೆ. ಆದರೆ ಓಡಾಡುವ ಭಾಗ ಬಂದ ಕಡೆ ಅಲುಗಾಟವೂ ಬರುತ್ತದೆ, ಅಲುಗಾಟ ಬಂದರೆ ಕೊಯ್ತ ನೇರ ಬರುವುದಿಲ್ಲ. ಕೊಳ್ಳುವಾಗ ಈ ಎರಡನ್ನೂ ತೂಗಿ ನೋಡಬೇಕು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಸ್ಲೈಡ್ ನಿಜಕ್ಕೂ ಬೇಕಾ?

ಮೈಟರ್ ಸಾ ಮಾಡುವುದು ಒಂದೇ ಕೆಲಸ, ಹಲಗೆಯನ್ನು ಅಡ್ಡಕ್ಕೆ ಕೊಯ್ಯುವುದು. ಹಲಗೆ ಹಿಂದಿನ ಫೆನ್ಸಿಗೆ, ಅಂದರೆ ನೆಟ್ಟಗೆ ನಿಂತ ತಡೆಪಟ್ಟಿಗೆ, ಒರಗಿ ಅಲುಗದೆ ಕೂತಿರುತ್ತದೆ, ಬ್ಲೇಡ್ ಮೇಲಿನಿಂದ ಇಳಿಯುತ್ತದೆ. ಬ್ಲೇಡನ್ನು ಎಡಕ್ಕೋ ಬಲಕ್ಕೋ ತಿರುಗಿಸಿ ಕೊಯ್ದರೆ ಅದು ಮೈಟರ್. ಚೌಕಟ್ಟಿನ ಮೂಲೆಗಳು ಬರುವುದು ಇದರಿಂದ. ತಲೆಯೇ ಪಕ್ಕಕ್ಕೆ ವಾಲಿದರೆ ಬೆವೆಲ್. ಎರಡೂ ಒಟ್ಟಿಗೆ ಆದರೆ ಕಾಂಪೌಂಡ್. ಹಲಗೆಯನ್ನು ಉದ್ದಕ್ಕೆ ಸೀಳುವ ಆಸೆ ಇಟ್ಟುಕೊಂಡು ಇದನ್ನು ಕೊಳ್ಳಬೇಡಿ. ಅದು ಟೇಬಲ್ ಸಾ ಕೆಲಸ. ಇಲ್ಲವೇ ಗೈಡ್ ಪಟ್ಟಿ ಕಟ್ಟಿ ಕೈಯಲ್ಲಿ ಹಿಡಿದು ಓಡಿಸುವ ಸರ್ಕ್ಯುಲರ್ ಸಾ ಸಾಕು.

ಈಗ ಟೇಪು ತೆಗೆದುಕೊಂಡು ನೀವು ಮಾಡುವ ಕೆಲಸದ ಹಲಗೆಗಳನ್ನು ಅಳೆಯಿರಿ. ಸ್ಲೈಡ್ ಇಲ್ಲದ 10 ಇಂಚಿನ ಯಂತ್ರ ನೇರ ಕೊಯ್ತದಲ್ಲಿ ಸುಮಾರು ಐದೂವರೆ ಇಂಚು ಅಗಲದ ಹಲಗೆ ಕೊಯ್ಯುತ್ತದೆ, ಅಂದರೆ 140 ಮಿ.ಮೀ. 12 ಇಂಚಿನದು ಸುಮಾರು 200 ಮಿ.ಮೀ. ಅದೇ 10 ಇಂಚಿನ ಬ್ಲೇಡ್ ಕಂಬಿಯ ಮೇಲೆ ಓಡಿದರೆ ಅಗಲ 300 ಮಿ.ಮೀ. ಆಸುಪಾಸಿಗೆ ಹೋಗುತ್ತದೆ. ಸ್ಲೈಡಿಗೆ ಜನ ಮನಸೋಲುವುದು ಈ ಅಂಕಿ ನೋಡಿಯೇ.

ಆದರೆ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ನೇರ ಕೊಯ್ತದ ಅಗಲ. 45 ಡಿಗ್ರಿಗೆ ತಿರುಗಿಸಿದರೆ ಅದು ಕುಗ್ಗುತ್ತದೆ. ಲೆಕ್ಕ ಸುಲಭ: 0.7ರಿಂದ ಗುಣಿಸಿ. 300 ಇದ್ದದ್ದು 210 ಆಗುತ್ತದೆ. ಹಾಗಾಗಿ ಅಗಲದ ಹಲಗೆಯ ತುದಿಯನ್ನು ಓರೆಯಾಗಿ ಕೊಯ್ದು ಮೂಲೆ ಕೂಡಿಸುವವರು ಎರಡನೇ ಅಂಕಿಯನ್ನೇ ನೋಡಬೇಕು.

ನನ್ನ ಲೆಕ್ಕ ಹೀಗೆ. ಚೌಕಟ್ಟು, ಬೀಡಿಂಗ್, ಸ್ಕರ್ಟಿಂಗ್, ಕಾಲು, ಅಡ್ಡಪಟ್ಟಿ ಇಷ್ಟೇ ಕೊಯ್ಯುವವರಿಗೆ ಸ್ಲೈಡ್ ಬೇಡ. ಸ್ಲೈಡ್ ಇಲ್ಲದ್ದು ಹಗುರ, ಗಟ್ಟಿ, ಹೊಂದಿಸುವುದೂ ಸುಲಭ. ಕಪಾಟಿನ ಹಲಗೆ, ಮೆಟ್ಟಿಲ ಹಲಗೆ, ಮೇಜಿನ ಮೇಲ್ಭಾಗಕ್ಕೆ ಅಂಟಿಸುವ ಅಗಲದ ಮರ ಇವೆಲ್ಲ ವಾರಕ್ಕೊಮ್ಮೆಯಾದರೂ ಕೈಗೆ ಬರುತ್ತವೆ ಅಂದರೆ ಸ್ಲೈಡ್ ತೆಗೆದುಕೊಳ್ಳಿ. ವರ್ಷಕ್ಕೆ ಎರಡು ಸಲ ಮಾತ್ರ ಬೇಕಾಗುವ ಅಗಲಕ್ಕೆ ಸರ್ಕ್ಯುಲರ್ ಸಾ ಹಿಡಿಯಿರಿ, ಸಾಕು.

ಹೆಜ್ಜೆ 2: ಬ್ಲೇಡಿನ ಗಾತ್ರ

ಸಾಮಾನ್ಯವಾಗಿ ಸಿಗುವ ಗಾತ್ರಗಳು ನಾಲ್ಕು: 185ರಿಂದ 190 ಮಿ.ಮೀ., 216 ಮಿ.ಮೀ., 255 ಮಿ.ಮೀ. ಮತ್ತು 305 ಮಿ.ಮೀ. ಕೊನೆಯ ಎರಡನ್ನೇ ನಾವು 10 ಇಂಚು, 12 ಇಂಚು ಅನ್ನುವುದು.

ದೊಡ್ಡ ಬ್ಲೇಡು ಅಂದರೆ ಹೆಚ್ಚು ದಪ್ಪದ ಮರ. 10 ಇಂಚಿನದು ಸುಮಾರು 90 ಮಿ.ಮೀ. ದಪ್ಪ ಕೊಯ್ಯುತ್ತದೆ, 12 ಇಂಚಿನದು 110 ದಾಟುತ್ತದೆ, 216ರದ್ದು 60ರಿಂದ 70. ಬೆವೆಲ್ ವಾಲಿಸಿದಾಗ ದಪ್ಪ ಮೂರರಲ್ಲಿ ಒಂದು ಪಾಲಾದರೂ ಕಡಿಮೆಯಾಗುತ್ತದೆ. ಕೆಲವು ಯಂತ್ರಗಳಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಮೋಟಾರೇ ಅಡ್ಡ ಬರುತ್ತದೆ.

ದೊಡ್ಡದೇ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಸ್ಲೈಡ್ ಇಲ್ಲದ ಯಂತ್ರದಲ್ಲಿ ಅದು ಹೌದು, ಅಗಲ ಬರುವುದೇ ಬ್ಲೇಡಿನಿಂದ. ಸ್ಲೈಡ್ ಇದ್ದರೆ ಅಗಲವನ್ನು ಕಂಬಿ ಕೊಡುತ್ತದೆ. ಆಗ 12 ಇಂಚು ಕೊಡುವ ಲಾಭ ಬರೀ ದಪ್ಪ, ಮತ್ತು ಫೆನ್ಸಿಗೆ ನಿಲ್ಲಿಸಿ ಕೊಯ್ಯುವ ಎತ್ತರದ ಬೀಡಿಂಗ್. ಅದಕ್ಕೆ ತೆರುವ ಬೆಲೆಯೂ ಇದೆ. ಬ್ಲೇಡ್ ದೊಡ್ಡದಾದಷ್ಟೂ ಅದರ ಅಂಚು ನಡುಗುವುದು ಜಾಸ್ತಿ. ಹೊಸ ಬ್ಲೇಡು ದುಬಾರಿ, ಸಾಣೆ ಹಿಡಿಸುವುದೂ ದುಬಾರಿ. ಮನೆಯ ಕೆಲಸಕ್ಕೆ, ಸಣ್ಣ ಕಾರ್ಖಾನೆಗೆ, ಪೀಠೋಪಕರಣಕ್ಕೆ 10 ಇಂಚಿನ ಸ್ಲೈಡರ್ ಸರಿಯಾದ ಜೋಡಿ ಅನ್ನುವುದು ನನ್ನ ಅಭಿಪ್ರಾಯ. ಯಂತ್ರವನ್ನು ದಿನಾ ಗಾಡಿಗೆ ಹತ್ತಿಸಿ ಇಳಿಸುವವರಿಗೆ 216ರದ್ದು ಬೆನ್ನು ಉಳಿಸುತ್ತದೆ.

ಹೆಜ್ಜೆ 3: ಹಿಂದಿನ ಜಾಗ

ನಾನು ಮುಗ್ಗರಿಸಿದ್ದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೆಚ್ಚಿನ ಸ್ಲೈಡರುಗಳಲ್ಲಿ ತಲೆ ಹಿಂದಕ್ಕೆ ಹೋದಾಗ ಕಂಬಿಗಳೂ ಯಂತ್ರದ ಹಿಂದಕ್ಕೆ ಚಾಚಿಕೊಳ್ಳುತ್ತವೆ. ಯಂತ್ರದ ಹಿಂದೆ ಸುಮಾರು ಒಂದು ಅಡಿ ಖಾಲಿ ಬಿಡಬೇಕು. ಗೋಡೆಗೆ ಒತ್ತಿದ ಉದ್ದನೆ ಬೆಂಚಿನ ಮೇಲೆ ಇಡುವ ಯೋಚನೆ ಇದ್ದರೆ ಇದು ಆಗದ ಮಾತು.

ಇದಕ್ಕೆ ಎರಡು ದಾರಿಗಳನ್ನು ತಯಾರಕರು ಹುಡುಕಿದ್ದಾರೆ. ಒಂದು, ಕಂಬಿಗಳು ಮುಂದಕ್ಕೇ ಚಾಚಿ ಅಲ್ಲೇ ನಿಂತಿರುತ್ತವೆ, ತಲೆ ಮಾತ್ರ ಅವುಗಳ ಮೇಲೆ ಓಡಾಡುತ್ತದೆ. ಫೆಸ್ಟೂಲ್ ಕಾಪೆಕ್ಸ್, ಮಕೀಟಾದ ಕೆಲವು ಮಾದರಿಗಳು ಹೀಗಿವೆ. ಇನ್ನೊಂದು, ಕಂಬಿಯೇ ಇಲ್ಲ. ನಮ್ಮ ಮೊಣಕೈಯಂತೆ ಮಡಚುವ ಎರಡು ತೋಳುಗಳು ತಲೆಯನ್ನು ಹೊತ್ತಿರುತ್ತವೆ. ಬಾಷ್‌ನವರ ಕೀಲುತೋಳಿನ ಯಂತ್ರ ಇದಕ್ಕೆ ಪರಿಚಿತ ಉದಾಹರಣೆ. ಅದರ ಓಟ ಬೆಣ್ಣೆಯಂತೆ ನುಣುಪು, ಕಂಬಿಗೆ ಧೂಳು ಮೆತ್ತುವ ತಾಪತ್ರಯವೂ ಇಲ್ಲ. ಆದರೆ ಆ 12 ಇಂಚಿನ ಯಂತ್ರ 29 ಕೆಜಿ ದಾಟುತ್ತದೆ. ಒಮ್ಮೆ ಇಟ್ಟರೆ ಅದು ಅಲ್ಲೇ.

ಜಾಗ ಅಳೆಯುವಾಗ ಬರೀ ಹಿಂದೆ ಅಲ್ಲ, ಪಕ್ಕಕ್ಕೂ ನೋಡಿ. ಮೈಟರ್ ತಿರುಗಿಸಿದಾಗ ಕಂಬಿಗಳೂ ಓರೆಯಾಗಿ ಹಿಂದಿನ ಮೂಲೆಗೆ ತಿರುಗುತ್ತವೆ. ತಲೆ ಪೂರ್ತಿ ವಾಲಿದಾಗ ಪಕ್ಕದಲ್ಲಿ ಶೆಲ್ಫ್ ಇದ್ದರೆ ತಾಗುತ್ತದೆ. ಎಂಟು ಅಡಿಯ ಹಲಗೆಯನ್ನು ಮಧ್ಯಕ್ಕೆ ಕೊಯ್ಯಬೇಕಾದರೆ ಎರಡೂ ಕಡೆ ನಾಲ್ಕು ನಾಲ್ಕು ಅಡಿ ಬೇಕು. ರಟ್ಟಿನಲ್ಲಿ ಯಂತ್ರದ ಅಳತೆ ಕತ್ತರಿಸಿ ಮೇಜಿನ ಮೇಲಿಟ್ಟು ತಿರುಗಿಸಿ ನೋಡಿ. ಮಕ್ಕಳಾಟದ ಹಾಗೆ ಕಾಣುತ್ತದೆ, ನಾನು ಅದನ್ನು ಮೊದಲೇ ಆಡಿದ್ದರೆ ಒಂದು ದಿನದ ಹೊರೆ ತಪ್ಪುತ್ತಿತ್ತು.

ಹೆಜ್ಜೆ 4: ಅಂಗಡಿಯಲ್ಲಿ ಕೈ ಹಾಕಿ ನೋಡಿ

ಪಟ್ಟಿಯಲ್ಲಿರುವ ವ್ಯಾಟ್, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಓದಿದರೆ ಯಂತ್ರದ ಗುಣ ಗೊತ್ತಾಗುವುದಿಲ್ಲ. ಆನ್‌ಲೈನಿನಲ್ಲೇ ಕೊಳ್ಳುವವರೂ ಒಮ್ಮೆ ಅದೇ ಮಾದರಿಯನ್ನು ಎಲ್ಲಾದರೂ ಮುಟ್ಟಿ ನೋಡುವುದು ಒಳ್ಳೆಯದು. ಪ್ಲಗ್ ಹಾಕದೆಯೇ ಹತ್ತು ನಿಮಿಷದಲ್ಲಿ ಬೇಕಾದ್ದೆಲ್ಲ ತಿಳಿಯುತ್ತದೆ.

ಮೊದಲು ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದು ಕೆಳಗೆ ಒತ್ತಿ ಹಿಡಿಯಿರಿ. ಈಗ ಹಿಡಿಯನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸಿ. ಬಲವಂತ ಮಾಡಿದರೆ ಯಾವ ಯಂತ್ರವೂ ಸ್ವಲ್ಪ ಬಾಗುತ್ತದೆ, ಅದು ದೋಷವಲ್ಲ. ನೀವು ಹುಡುಕುತ್ತಿರುವುದು ಸಡಿಲ. ಕಟಕಟ ಅಂತ ಸದ್ದು ಬಂದರೆ, ಅಥವಾ ಬೆರಳ ಒತ್ತಡಕ್ಕೇ ಬ್ಲೇಡಿನ ತುದಿ ಸರಿದರೆ, ಆ ಯಂತ್ರವನ್ನು ಅಲ್ಲೇ ಬಿಡಿ. ತಲೆ ಹಿಂದೆ ಇದ್ದಾಗ ಎಲ್ಲ ಯಂತ್ರಗಳೂ ಗಟ್ಟಿಯಾಗಿಯೇ ಇರುತ್ತವೆ. ನಿಜ ಬಣ್ಣ ಕಾಣುವುದು ಕಂಬಿ ಪೂರ್ತಿ ಚಾಚಿದಾಗ.

ಆಮೇಲೆ ತಲೆಯನ್ನು ಮುಂದೆ ಹಿಂದೆ ನಿಧಾನವಾಗಿ ಓಡಿಸಿ. ಎಲ್ಲೂ ತಡೆಯಬಾರದು, ಒಂದು ಕಡೆ ಬಿಗಿ ಇನ್ನೊಂದು ಕಡೆ ಸಲೀಸು ಆಗಬಾರದು. ಬಿಗಿಯಾಗುವ ಜಾಗದಲ್ಲಿ ಕೈ ತಾನಾಗಿಯೇ ಜೋರಾಗಿ ತಳ್ಳುತ್ತದೆ, ಅಲ್ಲೇ ಕೊಯ್ತ ವಾಲುವುದು.

ಫೆನ್ಸಿಗೆ ಬನ್ನಿ. ಅಂಗಡಿಗೆ ಹೋಗುವಾಗ ಒಂದು ಒಳ್ಳೆಯ ಉಕ್ಕಿನ ಪಟ್ಟಿ ಮತ್ತು ಒಂದು ಮೂಲೆಮಟ್ಟ ಜೊತೆಗಿರಲಿ. ಫೆನ್ಸಿನ ಎಡ ಬಲ ಎರಡು ಭಾಗಗಳ ಮೇಲೂ ಒಟ್ಟಿಗೆ ಪಟ್ಟಿ ಇಟ್ಟು ಹಿಂದೆ ಬೆಳಕು ಹಿಡಿದು ನೋಡಿ. ಎರಡೂ ಒಂದೇ ಗೆರೆಯಲ್ಲಿ ಇರಬೇಕು. ಒಂದು ಮುಂದೆ ಒಂದು ಹಿಂದೆ ಇದ್ದರೆ ಎಡಗಡೆ ಸರಿಯಾಗಿ ಕೊಯ್ದದ್ದು ಬಲಗಡೆ ತಪ್ಪುತ್ತದೆ. ಎರಡನ್ನೂ ಒಂದೇ ಎರಕದಲ್ಲಿ ಮಾಡಿದ ಯಂತ್ರಗಳಲ್ಲಿ ಈ ಕಾಟ ಸರಿಪಡಿಸುವುದು ಕಷ್ಟ, ಬೋಲ್ಟು ಸಡಿಲಿಸಿದರೆ ಎರಡೂ ಒಟ್ಟಿಗೆ ತಿರುಗುತ್ತವೆ. ಫೆನ್ಸು ಎತ್ತರ ಇದ್ದಷ್ಟೂ ಒಳ್ಳೆಯದು. ಅದರ ಮೇಲಿನ ತುಂಡು ಪಕ್ಕಕ್ಕೆ ಸರಿಯುವಂತಿರಬೇಕು, ಇಲ್ಲದಿದ್ದರೆ ಬೆವೆಲ್ ವಾಲಿಸಿದಾಗ ಬ್ಲೇಡು ಫೆನ್ಸನ್ನೇ ಕೊಯ್ಯುತ್ತದೆ.

ಬ್ಲೇಡಿನ ಕೆಳಗಿರುವ ಯಂತ್ರದ ಮೇಜನ್ನು ತಿರುಗಿಸಿ. ಪ್ರತಿ ಮುಖ್ಯ ಕೋನದಲ್ಲೂ ಅದು ಟಕ್ ಅಂತ ಕೂರಬೇಕು. 0, 15, 22.5, 31.6, 45 ಇವು ಮಾಮೂಲಿ ಗುರುತುಗಳು. 31.6 ಯಾಕೆ ಅಂತ ಕೇಳುವವರು ಇದ್ದಾರೆ. ಗೋಡೆ ಮತ್ತು ಚಾವಣಿ ಸೇರುವಲ್ಲಿ ಹೊಡೆಯುವ ಕ್ರೌನ್ ಮೋಲ್ಡಿಂಗನ್ನು ಮಲಗಿಸಿ ಕೊಯ್ಯಲು ಅದು ಬೇಕು, ಜೊತೆಗೆ ಬೆವೆಲ್ 33.9. ಆ ಕೆಲಸ ಮಾಡದವರಿಗೆ ಇದು ಸುಮ್ನೆ ಒಂದು ಗುರುತು. ಇಷ್ಟಕ್ಕಿಂತ ಮುಖ್ಯ ಇನ್ನೊಂದಿದೆ. ಮೇಜನ್ನು ಸೊನ್ನೆಯ ಪಕ್ಕ ಅರ್ಧ ಡಿಗ್ರಿಗೆ ತಂದು ಬಿಗಿ ಮಾಡಿ ನೋಡಿ. ಕೆಲವು ಯಂತ್ರಗಳು ಜಾರಿ ಮತ್ತೆ ಸೊನ್ನೆಗೇ ಹೋಗಿ ಕೂರುತ್ತವೆ. ಹಳೆಯ ಮನೆಯ ಮೂಲೆಗಳು 90 ಇರುವುದೇ ಇಲ್ಲ, ಈ ಅರ್ಧ ಡಿಗ್ರಿ ದಿನಾ ಬೇಕಾಗುತ್ತದೆ.

ಬೆವೆಲ್ ಬೀಗ ಎಲ್ಲಿದೆ ನೋಡಿ. ಹಿಂದೆ ಬಗ್ಗಿ ಕೈ ಹಾಕಿ ತಿರುಗಿಸಬೇಕಾದರೆ ಅದನ್ನು ನೀವು ಬಳಸುವುದೇ ಕಡಿಮೆಯಾಗುತ್ತದೆ. ತಲೆ ಎಡಕ್ಕೆ ಮಾತ್ರ ವಾಲುವ ಯಂತ್ರ ಅಗ್ಗ. ಎರಡೂ ಕಡೆ ವಾಲುವುದು ದುಬಾರಿ ಮತ್ತು ಭಾರ. ಚಪ್ಪಟೆ ಹಲಗೆಯಾದರೆ ಅದನ್ನೇ ತಿರುಗಿಸಿ ಇಟ್ಟುಕೊಂಡರೆ ಕೆಲಸ ನಡೆಯುತ್ತದೆ. ಒಂದೇ ಮುಖಕ್ಕೆ ಕೆತ್ತನೆ ಇರುವ ಪಟ್ಟಿಗಳನ್ನು ಗಂಟೆಗಟ್ಟಲೆ ಕೊಯ್ಯುವವರಿಗೆ ಎರಡು ಕಡೆಯ ಬೆವೆಲ್ ಬೇಕು.

ಹಿಡಿ ಕೈಗೆ ಹೇಗೆ ಕೂರುತ್ತದೆ, ಎಡಗೈಯವರಿಗೆ ಒಗ್ಗುತ್ತದಾ, ಬ್ಲೇಡಿನ ಮುಚ್ಚಳ ತಾನಾಗಿ ಮುಚ್ಚಿಕೊಳ್ಳುತ್ತದಾ ಇವನ್ನೂ ನೋಡಿ ಮುಂದೆ ಹೋಗಿ.

ಹೆಜ್ಜೆ 5: ಮೋಟಾರು, ಗೆರೆ, ಧೂಳು

ಮೋಟಾರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 10 ಇಂಚಿನದಕ್ಕೆ 1,400 ವ್ಯಾಟಿನ ಮೇಲಿದ್ದರೆ ಗಟ್ಟಿ ಮರಕ್ಕೂ ಸಾಕು. ನೋಡಬೇಕಾದ್ದು ಮೂರು. ಗುಂಡಿ ಒತ್ತಿದಾಗ ಯಂತ್ರ ಜಿಗಿಯದೆ ಮೆಲ್ಲಗೆ ಏಳುವ ಸಾಫ್ಟ್ ಸ್ಟಾರ್ಟ್, ಗುಂಡಿ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಬ್ಲೇಡ್ ನಿಲ್ಲಿಸುವ ಬ್ರೇಕ್, ಮತ್ತು ನಿಮ್ಮಲ್ಲಿಯ ವೋಲ್ಟೇಜು. 120 ವೋಲ್ಟಿನ ಯಂತ್ರವನ್ನು 230ರ ಪ್ಲಗ್ಗಿಗೆ ಹಾಕಿದರೆ ಅದು ಒಂದೇ ಸಲ ತಿರುಗುವುದು. ಬ್ರೇಕ್ ಇಲ್ಲದ್ದನ್ನು ನಾನು ಕೊಳ್ಳುವುದಿಲ್ಲ. ಬ್ಯಾಟರಿಯವು ಈಗ ನಿಜಕ್ಕೂ ಚೆನ್ನಾಗಿವೆ. ಆದರೆ ಒಂದೇ ಕಡೆ ಕೂರುವ ಯಂತ್ರಕ್ಕೆ ವಯರೇ ಲೇಸು.

ಲೇಸರ್ ಇದೆ ಅಂತ ಹಿಗ್ಗಬೇಡಿ. ಅದನ್ನು ಬ್ಲೇಡಿಗೆ ಹೊಂದಿಸಬೇಕು, ಯಂತ್ರ ಅದುರಿದಂತೆ ಅದು ಸರಿಯುತ್ತದೆ, ಬಿಸಿಲಲ್ಲಿ ಕಾಣುವುದೂ ಇಲ್ಲ. ಅದಕ್ಕಿಂತ ಚೆನ್ನಾಗಿರುವುದು ನೆರಳು. ಬ್ಲೇಡಿನ ಮೇಲೆ ಒಂದು ಎಲ್‌ಇಡಿ ಕೂತಿರುತ್ತದೆ, ಬ್ಲೇಡಿನ ನೆರಳೇ ಮರದ ಮೇಲೆ ಬೀಳುತ್ತದೆ. ನೆರಳು ಎಷ್ಟು ಅಗಲವೋ ಸೀಳು ಅಷ್ಟೇ ಅಗಲ. ಹೊಂದಿಸಲು ಏನೂ ಇಲ್ಲ, ಬ್ಲೇಡ್ ಬದಲಿಸಿದರೆ ನೆರಳೂ ಬದಲಾಗುತ್ತದೆ.

ಧೂಳಿನ ವಿಷಯದಲ್ಲಿ ಈ ಜಾತಿಯ ಯಂತ್ರಗಳೆಲ್ಲ ದುರ್ಬಲವೇ. ಕೊಟ್ಟಿರುವ ಬಟ್ಟೆ ಚೀಲ ಅಲಂಕಾರಕ್ಕೆ. ಬ್ಲೇಡು ಹೊಟ್ಟನ್ನು ಹಿಂದಕ್ಕೆ ಎಸೆಯುತ್ತದೆ, ತಲೆ ಓಡಾಡುವುದರಿಂದ ಅದನ್ನು ಒಂದೇ ಬಾಯಿಯಲ್ಲಿ ಹಿಡಿಯುವುದು ಕಷ್ಟ. ಬ್ಲೇಡಿನ ಹಿಂದೆ ರಬ್ಬರಿನ ಗಂಟಲಿರುವ, ವ್ಯಾಕ್ಯೂಮ್ ಜೋಡಿಸಬಲ್ಲ ಯಂತ್ರ ಆರಿಸಿ, ಹಿಂದೆ ಒಂದು ದೊಡ್ಡ ರಟ್ಟಿನ ಅಥವಾ ಪ್ಲೈವುಡ್ ಗೂಡು ಕಟ್ಟಿ. ಇದು ಬರೀ ಕಸದ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಒಳ್ಳೆಯ ಮಾಸ್ಕ್ ಖರೀದಿಯ ಭಾಗ ಅಂತಲೇ ಲೆಕ್ಕ ಹಿಡಿಯಿರಿ. ಕಿವಿಗೂ ಅಷ್ಟೇ. ಈ ಯಂತ್ರಗಳ ಸದ್ದು 100 ಡೆಸಿಬೆಲ್ ಮುಟ್ಟುವುದು ಸಾಮಾನ್ಯ. ಅಷ್ಟು ಸದ್ದನ್ನು ಬರಿಗಿವಿಯಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಜಾಸ್ತಿ ಕೇಳಬಾರದು ಅನ್ನುವುದು ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಸಂಸ್ಥೆ ಎನ್‌ಐಒಎಸ್‌ಎಚ್ ಇಟ್ಟಿರುವ ಮಿತಿ.

ಹೆಜ್ಜೆ 6: ಬ್ಲೇಡಿಗೆ ಬೇರೆ ಹಣ ತೆಗೆದಿಡಿ

ಯಂತ್ರದ ಜೊತೆ ಬರುವ ಬ್ಲೇಡಿನಲ್ಲಿ ಸಾಮಾನ್ಯವಾಗಿ ಹಲ್ಲು ಕಡಿಮೆ. 10 ಇಂಚಿಗೆ 40 ಹಲ್ಲು ಇದ್ದರೆ ಅದು ಒರಟು ಕೆಲಸಕ್ಕೆ. ಹೊಸ ಯಂತ್ರದ ಕೊಯ್ತ ನೋಡಿ ಬೇಸರಪಟ್ಟವರು ಎಷ್ಟೋ ಸಲ ಬೈಯಬೇಕಾದ್ದು ಬ್ಲೇಡನ್ನು. 10 ಇಂಚಿಗೆ 60 ಹಲ್ಲಿನದು ಎಲ್ಲ ಕೆಲಸಕ್ಕೂ ಒದಗುತ್ತದೆ, ಚೌಕಟ್ಟು ಬೀಡಿಂಗಿಗೆ 80. 12 ಇಂಚಿಗೆ ಅದೇ ಲೆಕ್ಕದಲ್ಲಿ 80 ಮತ್ತು 96.

ಹಲ್ಲಿನ ಎಣಿಕೆಗಿಂತ ಮುಖ್ಯವಾದದ್ದು ಹಲ್ಲಿನ ಓರೆ, ಅಂದರೆ ಹುಕ್ ಆಂಗಲ್. ಟೇಬಲ್ ಸಾದಲ್ಲಿ ಸೀಳಲು ಬಳಸುವ ಬ್ಲೇಡಿನ ಹಲ್ಲು 20 ಡಿಗ್ರಿಯಷ್ಟು ಮುಂದಕ್ಕೆ ಬಾಗಿರುತ್ತದೆ, ಮರವನ್ನು ಕಚ್ಚಿ ಎಳೆದುಕೊಳ್ಳಲು. ಸ್ಲೈಡರಿನಲ್ಲಿ ಮರ ನಿಂತಿರುತ್ತದೆ, ಓಡುವುದು ತಲೆ. ಅಂಥ ಬ್ಲೇಡನ್ನು ಇದಕ್ಕೆ ಹಾಕಿದರೆ ಹಲ್ಲು ಮರ ಕಚ್ಚಿ ತಲೆಯನ್ನೇ ಎಳೆಯುತ್ತದೆ. ಹುಕ್ ಮೈನಸ್ 5ರಿಂದ ಪ್ಲಸ್ 5 ಡಿಗ್ರಿಯ ಒಳಗಿರುವುದನ್ನು ಕೇಳಿ ತೆಗೆದುಕೊಳ್ಳಿ. ಬ್ಲೇಡಿನ ಮೇಲೆ ಮೈಟರ್ ಸಾ ಅಂತ ಬರೆದಿರುತ್ತದೆ. ಮನೆಯಲ್ಲಿರುವ ಹಳೆ ಬ್ಲೇಡು ಗಾತ್ರಕ್ಕೆ ಸರಿಹೋಯಿತು ಅಂತ ಹಾಕಬೇಡಿ.

ಮಧ್ಯದ ತೂತು ಸಹ ನೋಡಿ. ಅದು 15.88, 25.4 ಅಥವಾ 30 ಮಿ.ಮೀ. ಇರುತ್ತದೆ. ಬ್ಲೇಡಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ನಿಮ್ಮ ಯಂತ್ರದ ವೇಗಕ್ಕಿಂತ ಹೆಚ್ಚಿರಬೇಕು. ತೆಳು ಬ್ಲೇಡು ಮೋಟಾರಿಗೆ ಹಗುರ, ಆದರೆ 12 ಇಂಚಿನಲ್ಲಿ ಅದು ಬಳುಕುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಎರಡು ಮಾತು. ಕೆಟ್ಟ ಬ್ಲೇಡು, ಮೋಟಾರಿನೊಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದಿರುವುದು, ಹರಿದ ಚೀಲ ಇವಕ್ಕೆ ಹೆದರಬೇಡಿ, ಇವುಗಳ ನೆಪದಲ್ಲಿ ಬೆಲೆ ಇಳಿಸಿ. ಕಂಬಿಯ ಮೇಲೆ ಗೀರು ಅಥವಾ ತುಕ್ಕಿನ ಗುಳಿ, ಫೆನ್ಸಿನಲ್ಲಿ ಬಿರುಕು, ಬ್ಲೇಡ್ ಹಿಡಿದು ಅಲುಗಿಸಿದಾಗ ಅಚ್ಚಿನಲ್ಲಿ ಸಡಿಲ, ಮುಚ್ಚಿಕೊಳ್ಳದಂತೆ ಕಟ್ಟಿ ಹಾಕಿದ ಬ್ಲೇಡಿನ ಮುಚ್ಚಳ ಈ ನಾಲ್ಕರಲ್ಲಿ ಒಂದು ಕಂಡರೂ ನಮಸ್ಕಾರ ಹೇಳಿ ಹೊರಟುಬಿಡಿ.

ಹೆಜ್ಜೆ 7: ಮನೆಗೆ ತಂದ ಮೇಲೆ ಹೊಂದಿಸಿ

ಕಾರ್ಖಾನೆಯಲ್ಲಿ ಹೊಂದಿಸಿದ್ದು ದಾರಿಯ ಕುಲುಕಾಟದಲ್ಲಿ ಸರಿದಿರುತ್ತದೆ. ಹೊಸದು ಅಂತ ನಂಬಬೇಡಿ. ಪ್ಲಗ್ ಕಿತ್ತು ಶುರು ಮಾಡಿ.

ಬ್ಲೇಡನ್ನು ಕೆಳಗಿಳಿಸಿ ಮೂಲೆಮಟ್ಟವನ್ನು ಫೆನ್ಸಿಗೂ ಬ್ಲೇಡಿನ ಮೈಗೂ ಒತ್ತಿ ಹಿಡಿಯಿರಿ. ಮಟ್ಟ ತಾಗಬೇಕಾದ್ದು ಬ್ಲೇಡಿನ ತಗಡಿಗೆ, ಹಲ್ಲಿಗಲ್ಲ. ಹಲ್ಲು ತಗಡಿಗಿಂತ ದಪ್ಪ, ಅದಕ್ಕೆ ತಾಗಿದರೆ ಅಳತೆ ಸುಳ್ಳು ಹೇಳುತ್ತದೆ. ಹೀಗೆಯೇ ಮೇಜಿನಿಂದ ಮೇಲಕ್ಕೆ ಬೆವೆಲ್ ನೋಡಿ.

ನಿಜವಾದ ಪರೀಕ್ಷೆ ಇರುವುದು ಮರದಲ್ಲಿ. ಎರಡೂ ಅಂಚು ಸಮಾಂತರ ಇರುವ, ಸಾಧ್ಯವಾದಷ್ಟು ಅಗಲದ ಹಲಗೆ ತೆಗೆದುಕೊಳ್ಳಿ. ಸೊನ್ನೆಯಲ್ಲಿಟ್ಟು ಮಧ್ಯಕ್ಕೆ ಕೊಯ್ಯಿರಿ. ಈಗ ಒಂದು ತುಂಡನ್ನು ಮಗುಚಿ ಹಾಕಿ, ಫೆನ್ಸಿಗೆ ತಾಗಿದ್ದ ಅಂಚು ನಿಮ್ಮ ಕಡೆಗೆ ಬರುವಂತೆ. ಎರಡನ್ನೂ ಒಂದು ನೇರ ಪಟ್ಟಿಗೆ ಒತ್ತಿ ತುದಿಗೆ ತುದಿ ಕೂಡಿಸಿ. ಕೊಯ್ತ ಸರಿಯಿದ್ದರೆ ಸಂದು ಕಾಣುವುದಿಲ್ಲ. ತಪ್ಪಿದ್ದರೆ ಒಂದು ಕಡೆ ಬಾಯಿ ಬಿಡುತ್ತದೆ, ಆ ಬಾಯಿ ನಿಜವಾದ ತಪ್ಪಿನ ಎರಡರಷ್ಟು. ಅದಕ್ಕೇ ಇದು ಮೂಲೆಮಟ್ಟಕ್ಕಿಂತ ಚುರುಕು.

ಎಷ್ಟು ತಪ್ಪನ್ನು ಸಹಿಸಬಹುದು? 300 ಮಿ.ಮೀ. ಅಗಲದಲ್ಲಿ 0.1 ಡಿಗ್ರಿ ತಪ್ಪಿದರೆ ಅರ್ಧ ಮಿಲಿಮೀಟರು. ಕಪಾಟಿಗೆ ಇದು ನಡೆಯುತ್ತದೆ. ಚೌಕಟ್ಟಿನ ಕಥೆ ಬೇರೆ. ನಾಲ್ಕು ಮೂಲೆಗೆ ಎಂಟು ಕೊಯ್ತ, ಪ್ರತಿಯೊಂದರಲ್ಲೂ ಕಾಲು ಡಿಗ್ರಿ ತಪ್ಪಿದರೆ ಕೊನೆಯ ಮೂಲೆಗೆ ಬರುವಾಗ ಎರಡು ಡಿಗ್ರಿಯ ಬಿರುಕು. ಮೂರು ಮೂಲೆ ಚೆಂದ ಕೂತು ನಾಲ್ಕನೆಯದು ಹಲ್ಲು ಕಿರಿಯುವುದು ಇದೇ ಕಾರಣಕ್ಕೆ. 45 ಅನ್ನು ಪರೀಕ್ಷಿಸಲು ಒಂದು ಪುಟ್ಟ ಚೌಕಟ್ಟನ್ನೇ ಕೊಯ್ದು ಟೇಪು ಸುತ್ತಿ ನೋಡಿ.

ಬಾಯಿ ಬಿಟ್ಟರೆ ಫೆನ್ಸಿನ ಬೋಲ್ಟು ಅಥವಾ ಕೋನದ ತಗಡಿನ ತಿರುಪು ಸಡಿಲಿಸಿ, ಕೂದಲಿನಷ್ಟು ಸರಿಸಿ, ಮತ್ತೆ ಕೊಯ್ಯಿರಿ. ಮೊದಲ ಸಲ ನನಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಒಂದು ಸಂಗತಿ ಗಮನಿಸಿ. ಹೊಂದಿಸಿದ ಮೇಲೂ ಫಲಿತಾಂಶ ಒಂದೊಂದು ಸಲ ಒಂದೊಂದು ರೀತಿ ಬರುತ್ತಿದ್ದರೆ, ಅದು ಕೋನದ ತಪ್ಪಲ್ಲ, ಕಂಬಿಯ ಸಡಿಲ. ಅಂಗಡಿಗೆ ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಈ ಪರೀಕ್ಷೆ ಮಾಡಿ.

ಬ್ಲೇಡಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯ ಸಂದು ಅಗಲವಾಗಿದ್ದರೆ ಅಲ್ಲಿ ಮರ ಸಿಗಿಯುತ್ತದೆ. ತೆಳು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡನ್ನು ಯಂತ್ರದ ಮೇಜಿನ ಮೇಲೆ ಅಂಟಿಸಿ ಅದರ ಮೇಲೇ ಒಮ್ಮೆ ಕೊಯ್ದರೆ ಸೀಳು ಬ್ಲೇಡಿನಷ್ಟೇ ಇರುತ್ತದೆ. ತಲೆಯನ್ನು ಓಡಿಸಿ ಕೊಯ್ಯುವಾಗ ಮೇಲ್ಮುಖವೂ ಸಿಗಿಯಬಹುದು, ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ.

ಹೆಜ್ಜೆ 8: ಮೊದಲ ಕೊಯ್ತ

10 ಇಂಚಿನ ಬ್ಲೇಡು ನಿಮಿಷಕ್ಕೆ 4,800 ಸುತ್ತು ತಿರುಗಿದರೆ ಅದರ ಹಲ್ಲು ಗಂಟೆಗೆ 230 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಕೈ ಬ್ಲೇಡಿನ ದಾರಿಯಿಂದ ಕನಿಷ್ಠ ಆರು ಇಂಚು ದೂರ. ಎಡಗೈಯನ್ನು ಬಲಕ್ಕೆ ದಾಟಿಸಿ ಹಿಡಿಯಬೇಡಿ. ಕನ್ನಡಕ ಹಾಕಿ, ಕೈಗವಸು ಬಿಚ್ಚಿಡಿ, ಸಡಿಲ ತೋಳು ಮಡಚಿ.

ಅಗಲದ ಹಲಗೆಗೆ ಕ್ರಮ ಇದು: ನಿಂತ ಬ್ಲೇಡಿನ ತಲೆಯನ್ನು ನಿಮ್ಮ ಕಡೆಗೆ ಪೂರ್ತಿ ಎಳೆದುಕೊಳ್ಳಿ. ಗುಂಡಿ ಒತ್ತಿ, ಪೂರ್ತಿ ವೇಗ ಬರಲಿ. ಕೆಳಗೆ ಇಳಿಸಿ. ಆಮೇಲೆ ಹಿಂದಕ್ಕೆ ತಳ್ಳುತ್ತಾ ಕೊಯ್ಯಿರಿ. ಗುಂಡಿ ಬಿಟ್ಟು, ಬ್ಲೇಡು ನಿಂತ ಮೇಲೆಯೇ ತಲೆ ಎತ್ತಿ. ಎಳೆಯುತ್ತಾ ಕೊಯ್ಯಲೇಬಾರದು. ಎಳೆದಾಗ ಮುಂದಿನ ಹಲ್ಲು ಮರವನ್ನು ಕಚ್ಚಿ ಅದರ ಮೇಲೆ ಹತ್ತುತ್ತದೆ, ತಲೆ ನಿಮ್ಮ ಕಡೆಗೆ ಹಾರುತ್ತದೆ. ವಿಚಿತ್ರ ಅಂದರೆ ಅನುಭವಿಗಳೇ ಈ ತಪ್ಪು ಜಾಸ್ತಿ ಮಾಡುವುದು. 1920ರ ದಶಕದಲ್ಲಿ ರೇಮಂಡ್ ಡಿವಾಲ್ಟ್ ರೂಪಿಸಿದ ರೇಡಿಯಲ್ ಆರ್ಮ್ ಸಾ ನೋಡಲು ಹೆಚ್ಚೂಕಮ್ಮಿ ಇದೇ ಥರ, ಅದರಲ್ಲಿ ಎಳೆದೇ ಕೊಯ್ಯುತ್ತಿದ್ದರು. ಆ ಅಭ್ಯಾಸ ಕೈಯಲ್ಲಿ ಕೂತಿರುತ್ತದೆ.

ಬಾಗಿದ ಹಲಗೆಯಾದರೆ ಉಬ್ಬಿದ ಅಂಚನ್ನು ಫೆನ್ಸಿಗೆ ಕೊಡಿ, ಕೊಯ್ಯುವ ಜಾಗದಲ್ಲಿ ಮರ ಫೆನ್ಸಿಗೆ ತಾಗಿರಲಿ. ತಿರುಗಿಸಿ ಇಟ್ಟರೆ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಉದ್ದದ ಹಲಗೆಯ ತುದಿಗೆ ಮೇಜಿನ ಎತ್ತರದ ಆಸರೆ ಕೊಡಿ. ನೇತಾಡುವ ತುದಿ ಕೊಯ್ತ ಮುಗಿಯುವ ಮೊದಲೇ ಮುರಿದುಕೊಳ್ಳುತ್ತದೆ.

ಚಿಕ್ಕ ತುಂಡುಗಳ ಬಗ್ಗೆ ಒಂದು ಘಟನೆ. ಮೂರು ಇಂಚಿನ ರೀಪಿನ ಚೂರಿನಿಂದ ಅರ್ಧ ಇಂಚು ತೆಗೆಯಲು ಹೋಗಿದ್ದೆ, ಬೆರಳಲ್ಲಿ ಹಿಡಿಯಲು ಆಗದೆ ಸುಮ್ನೆ ಫೆನ್ಸಿಗೆ ಒರಗಿಸಿಟ್ಟು ಬ್ಲೇಡು ಇಳಿಸಿದೆ. ಟಪ್ ಅಂತ ಸದ್ದಾಯಿತು, ಚೂರು ಕಾಣಲಿಲ್ಲ. ಹಿಂದಿನ ಕಪಾಟಿನ ತಗಡಿನ ಬಾಗಿಲಲ್ಲಿ ಹೆಬ್ಬೆರಳಿನಷ್ಟು ಗುಳಿ ಬಿದ್ದಿತ್ತು, ನನ್ನ ಕಣ್ಣಿನ ಎತ್ತರಕ್ಕೇ. ಈಗ ಚಿಕ್ಕ ತುಂಡು ಬೇಕಾದರೆ ಉದ್ದದ ಪಟ್ಟಿಯಿಂದಲೇ ಕೊಯ್ದುಕೊಳ್ಳುತ್ತೇನೆ. ಉದ್ದದ್ದು ಇಲ್ಲದಿದ್ದರೆ ಕೈಗರಗಸ ತೆಗೆಯುತ್ತೇನೆ, ಎರಡು ನಿಮಿಷದ ಕೆಲಸ.